ತೆರಿಗೆ ವಿನಾಯಿತಿ: ಅಂದು ಕೃಪೆ, ಇಂದು ಹಕ್ಕು

ಬಂಡ್ರಿಯಿಂದ ಹೊಸಪೇಟೆಗೆ ಹೋಗಿ ಮೊದಲ ನೌಕರಿ ಹಿಡಿದವರು ಸಂಬಳದ ಚೀಟಿಯಲ್ಲಿ 'ತೆರಿಗೆ ಕಡಿತ' ಎಂಬ ಸಾಲು ಕಂಡರೆ, ಲೆಕ್ಕ ಅಲ್ಲಿಗೇ ಮುಗಿಯಿತು ಎಂದುಕೊಳ್ಳುವುದು ಸಹಜ. ಅದು ಮುಗಿದಿರುವುದಿಲ್ಲ.

ತೆರಿಗೆಯ ಮಾತು ಈ ಸೀಮೆಗೆ ಹೊಸದಲ್ಲ. 16ನೇ ಶತಮಾನದಲ್ಲಿ, ಸದಾಶಿವರಾಯ ವಿಜಯನಗರವನ್ನು ಆಳುತ್ತಿದ್ದಾಗ, ಬಾದಾಮಿಯ ಕ್ಷೌರಿಕ ಕೊಂಡೋಜನ ಸೇವೆಗೆ ಮೆಚ್ಚಿದ ಅಳಿಯ ರಾಮರಾಯ ಕ್ಷೌರಿಕರ ತೆರಿಗೆಗಳನ್ನು ಮನ್ನಾ ಮಾಡಿಸಿದ. ಹಲವು ಊರುಗಳ ಶಾಸನಗಳಲ್ಲಿ ಈ ಸಂಗತಿ ದಾಖಲಾಗಿದೆ. ವಿನಾಯಿತಿ ಎಂಬುದು ಅಂದು ಆಳುವವರ ಕೃಪೆ.

1857ರ ದಂಗೆಯ ಖರ್ಚಿನಿಂದ ಬರಿದಾದ ಖಜಾನೆಯನ್ನು ತುಂಬಲು 1860ರಲ್ಲಿ ಜೇಮ್ಸ್ ವಿಲ್ಸನ್ ಆದಾಯ ತೆರಿಗೆ ತಂದ. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ವರಮಾನದವರನ್ನು ಕಾನೂನೇ ಹೊರಗಿಟ್ಟಿತು. ಕೃಪೆಯ ಜಾಗಕ್ಕೆ ಹಕ್ಕು ಬಂತು.

ಹಕ್ಕನ್ನು ಮಾತ್ರ ಕೇಳಿ ಪಡೆಯಬೇಕು. ಹಾಗೆ ಕೇಳುವ ದಾರಿಯೇ ಆದಾಯ ತೆರಿಗೆ ರಿಟರ್ನ್. ಕೆಲಸ ಕೊಟ್ಟವರು ನೀಡುವ ತೆರಿಗೆ ಕಡಿತದ ಪ್ರಮಾಣಪತ್ರ, ಬ್ಯಾಂಕಿನ ಬಡ್ಡಿಯ ವಿವರ ಮುಂದಿಟ್ಟುಕೊಂಡು ವರ್ಷದ ಲೆಕ್ಕ ಒಪ್ಪಿಸಬೇಕು. ಕಡಿತ ಕಡಿಮೆಯಾಗಿದ್ದರೆ ಬಾಕಿ ಕಟ್ಟಬೇಕು; ಹೆಚ್ಚಾಗಿದ್ದರೆ ಹಣ ಖಾತೆಗೆ ಮರಳುತ್ತದೆ. ರಿಟರ್ನ್ ಸಲ್ಲಿಸದಿದ್ದರೆ ಆ ಹಣವನ್ನು ಯಾರೂ ಬಂಡ್ರಿಯವರೆಗೆ ತಂದುಕೊಡುವುದಿಲ್ಲ.