ಎಣ್ಣೆ ಕುಡಿಯುವ ಗಾಡಿ

ಹರಳೆಣ್ಣೆ ಎಂದರೆ ನಮ್ಮ ಪೀಳಿಗೆಯವರಿಗೆ ಮೊದಲು ನೆನಪಾಗುವುದು ಎಣ್ಣೆಸ್ನಾನ, ಆಮೇಲೆ ಬೇಸಿಗೆ ರಜೆಯಲ್ಲಿ ಮೂಗು ಹಿಡಿದು ಕುಡಿಸುತ್ತಿದ್ದ ಆ ಲೋಟ. ಇದೇ ಎಣ್ಣೆ ಒಂದು ಕಾಲಕ್ಕೆ ವಿಮಾನ ಹಾರಿಸುತ್ತಿತ್ತು ಎಂದರೆ ನಂಬುತ್ತೀರಾ? 1914ರಿಂದ 1918ರವರೆಗಿನ ಮೊದಲ ಮಹಾಯುದ್ಧದಲ್ಲಿ ಹಾರಿದ ಎಷ್ಟೋ ವಿಮಾನಗಳಿಗೆ ಫ್ರಾನ್ಸಿನ ನೋಮ್ ಎಂಬ ಎಂಜಿನ್ ಇತ್ತು. ಅದರಲ್ಲಿ ಸಿಲಿಂಡರುಗಳೇ ಗಿರಗಿರನೆ ಸುತ್ತುತ್ತಿದ್ದವು. ಪೆಟ್ರೋಲಿನಲ್ಲಿ ಸುಲಭವಾಗಿ ಬೆರೆತುಹೋಗದ ಹರಳೆಣ್ಣೆಯೇ ಅದಕ್ಕೆ ಆಗಬೇಕು. ಒಳಗೆ ಹೋದ ಎಣ್ಣೆ ತಿರುಗಿ ಬರುವ ಏರ್ಪಾಡೇ ಇಲ್ಲ. ಒಂದಷ್ಟು ಉರಿದು, ಉಳಿದದ್ದು ಹಾಗೆಯೇ ಹೊರಗೆ ಚಿಮ್ಮುತ್ತಿತ್ತು. ಹಿಂದೆ ಕುಳಿತ ಪೈಲಟ್ಟಿನ ಮುಖ, ಮೂಗು, ಬಾಯಿ ಎಲ್ಲಕ್ಕೂ ಅದರದೇ ಸಿಂಪಡಿಕೆ. ಪರಿಣಾಮ ಏನಾಗುತ್ತಿತ್ತೆಂದು ಮಕ್ಕಳನ್ನು ಸಾಕಿದವರಿಗೆ ನಾನು ಹೇಳಬೇಕಿಲ್ಲ. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ ತನ್ನ ಎಂಜಿನ್ ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟದ್ದೂ ಈ ಹರಳಿನ ಇಂಗ್ಲಿಷ್ ಹೆಸರಿನಿಂದಲೇ.

ಅಂದರೆ, ಎಂಜಿನ್ ಎಣ್ಣೆ ಕುಡಿಯುವುದು ಮೊದಲು ರೋಗವೇ ಆಗಿರಲಿಲ್ಲ, ಅದರ ಊಟ. ಕಾರುಗಳಲ್ಲಿ ಈ ಊಟವನ್ನು ಹಿಡಿತಕ್ಕೆ ತಂದದ್ದು ಪಿಸ್ಟನ್ ಸುತ್ತ ಕೂರುವ ಸೀಳು ಉಂಗುರಗಳು, ಅಂದರೆ ರಿಂಗುಗಳು. ಇವನ್ನು ಜಾನ್ ರ‍್ಯಾಮ್ಸ್‌ಬಾಟಮ್ ಎಂಬ ಇಂಗ್ಲಿಷ್ ಎಂಜಿನಿಯರ್ 1850ರ ದಶಕದಲ್ಲಿ ಮಾಡಿದ್ದು ಉಗಿಯಂತ್ರಕ್ಕಾಗಿ. ಕಾರಿನಲ್ಲಿ ಕೆಳಗಿನ ರಿಂಗು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ಬಳಿದು ಕೆಳಕ್ಕೆ ತಳ್ಳುತ್ತದೆ, ದೋಸೆಹಿಟ್ಟಿನ ಪಾತ್ರೆಯನ್ನು ನಾವು ಬೆರಳಿನಿಂದ ಬಳಿಯುವ ಹಾಗೆ.

ನಮ್ಮ ದೇಶದಲ್ಲಿ ಈ ವಿಷಯ ಮನೆಮನೆಯ ಮಾತಾದದ್ದು ಅಂಬಾಸಿಡರ್ ಕಾಲದಲ್ಲಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚು ತಂದು, ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು 1950ರ ದಶಕದ ಕೊನೆಯಲ್ಲಿ ಶುರುಮಾಡಿದ ಗಾಡಿ ಅದು, 2014ರಲ್ಲಿ ನಿಂತಿತು. ಅದರ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಗಟ್ಟಿ ಪಿಂಡ. ಆದರೆ ಎಣ್ಣೆಯ ವಿಷಯದಲ್ಲಿ ದೊಡ್ಡ ಕೈ! ಅಂಬಾಸಿಡರ್ ನಿಂತೆದ್ದ ಜಾಗದಲ್ಲಿ ನೆಲದ ಮೇಲೆ ಕಪ್ಪು ಚುಕ್ಕೆ ಇರಲೇಬೇಕು. ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಒಂದು ಎಣ್ಣೆ ಡಬ್ಬವೂ ಇರಲೇಬೇಕು.

ನಮ್ಮ ಮನೆಯ ಅಂಬಾಸಿಡರ್ 1974ರದು. ಶಿವಮೊಗ್ಗದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಖರ್ಚಿನ ಪುಸ್ತಕ ಬರೆಯುವವಳು ನಾನಾದ್ದರಿಂದ ಅದರ ಕುಡಿತವೂ ಮೊದಲು ಕಂಡದ್ದು ನನಗೇ. 1988ರ ಹೊತ್ತಿಗೆ ಐನೂರು ಕಿಲೋಮೀಟರಿಗೆ ಒಂದು ಲೀಟರ್ ಎಣ್ಣೆ! ನೆಲದ ಮೇಲೆ ಚುಕ್ಕೆ ಮಾತ್ರ ಮೊದಲಿನಷ್ಟೇ. ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿ, "ರಿಂಗ್ ಹೋಗಿದೆ ಸಾರ್, ಎಂಜಿನ್ ಇಳಿಸಿ ಬೋರ್ ಮಾಡಿಸಬೇಕು" ಎಂದು ಆರು ಸಾವಿರದ ಲೆಕ್ಕ ಕೊಟ್ಟರು. ನಮ್ಮಲ್ಲಿದ್ದ ಆರು ಸಾವಿರ ಮಗಳ ಕಾಲೇಜಿಗೆಂದು ತೆಗೆದಿಟ್ಟದ್ದು. ನಮ್ಮ ಯಜಮಾನರು ಮೂರು ದಿನ ಮಾತಾಡಲಿಲ್ಲ.

ತೀರ್ಥಹಳ್ಳಿಯಲ್ಲಿ ಒಬ್ಬ ವಯಸ್ಸಾದ ಮೇಸ್ತ್ರಿ ಇದ್ದರು. ಅವರು ಬಾನೆಟ್ ಎತ್ತಲೇ ಇಲ್ಲ. "ಹೊಗೆ ಯಾವಾಗ ಬರತ್ತೆ ಅಮ್ಮಾ?" ಎಂದು ಹಿಂದಿನ ಸೀಟಿನಲ್ಲಿದ್ದ ನನ್ನನ್ನು ಕೇಳಿದರು. ಹಿಂದೆ ತಿರುಗಿ ನೋಡುವವಳು ನಾನೇ ತಾನೆ! ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಗಳಿಗೆ ನೀಲಿ ಹೊಗೆ. ಆಗುಂಬೆ ಘಾಟಿ ಇಳಿದು ಸೋಮೇಶ್ವರದಲ್ಲಿ ಆಕ್ಸಲರೇಟರ್ ಒತ್ತಿದ ಕೂಡಲೇ ಭುಸ್ಸೆಂದು ಇನ್ನೊಂದು. ಘಾಟಿ ಹತ್ತುವಾಗ ಏನೂ ಇಲ್ಲ. ಇಷ್ಟನ್ನು ಹೇಳಿದೆ.

"ಹಾಗಾದ್ರೆ ರಿಂಗ್ ಅಲ್ಲ" ಎಂದರು. ರಿಂಗು ಸವೆದಿದ್ದರೆ ಭಾರ ಎಳೆಯುವಾಗ, ಏರಿನಲ್ಲಿ, ಬಿಡದೆ ಹೊಗೆ ಬರಬೇಕು. ಇಳಿಜಾರಿನಲ್ಲಿ ಕಾಲು ತೆಗೆದಾಗ ಎಂಜಿನ್ ಉಸಿರು ಒಳಕ್ಕೆ ಎಳೆದಂತೆ ಹೀರುತ್ತದೆ. ಮೇಲೆ ವಾಲ್ವುಗಳ ಸುತ್ತ ನಿಂತ ಎಣ್ಣೆ ಆಗ ಕೆಳಗಿಳಿಯುತ್ತದೆ. ಅದನ್ನು ತಡೆಯಲು ಪ್ರತಿ ವಾಲ್ವಿಗೂ ಒಂದು ಪುಟ್ಟ ರಬ್ಬರ್ ಉಂಗುರ ಇರುತ್ತದಂತೆ. ಹಳೆಯದಾದ ಕುಕ್ಕರ್ ಗ್ಯಾಸ್ಕೆಟ್ಟಿನ ಹಾಗೆ ಅದು ಕಾವಿಗೆ ಗಟ್ಟಿಯಾಗಿ ಬಿರುಕುಬಿಟ್ಟಿರುತ್ತದೆ.

ಆದರೂ ಬರೀ ಮಾತಿನ ಮೇಲೆ ಕೈ ಹಾಕುವವರಲ್ಲ ಅವರು. ಒಂದೊಂದೇ ಪ್ಲಗ್ ಬಿಚ್ಚಿ, ಗೇಜ್ ಇಟ್ಟು ಕಂಪ್ರೆಶನ್ ನೋಡಿದರು. ಆಮೇಲೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದರು. ರಿಂಗು ಸವೆದಿದ್ದರೆ ಎಣ್ಣೆ ಆ ಸಂದು ಮುಚ್ಚುತ್ತದೆ, ಮುಳ್ಳು ಏರುತ್ತದೆ. ನಮ್ಮದರಲ್ಲಿ ನಾಲ್ಕರಲ್ಲೂ ಹೆಚ್ಚು ಕಡಿಮೆ ಅಷ್ಟೇ ನಿಂತಿತು. ಆ ಒಂದು ಚಮಚ ಎಣ್ಣೆ ನಮ್ಮ ಆರು ಸಾವಿರ ಉಳಿಸಿತು. ಹೆಡ್ ಬಿಚ್ಚಿ, ವಾಲ್ವ್ ಗೈಡು ಬದಲಾಯಿಸಿ, ಹೊಸ ಸೀಲು ಹಾಕಿ, ವಾಲ್ವ್ ಉಜ್ಜಿ ಕೊಟ್ಟರು. ಎಂಜಿನ್ ಇಳಿಸಲೇ ಇಲ್ಲ. ಎರಡು ದಿನದ ಕೆಲಸ, ಒಂಬೈನೂರು ರೂಪಾಯಿ.

ಹೊಸ ಕಾರುಗಳಲ್ಲಿ ಹೊಗೆ ಕಣ್ಣಿಗೆ ಬೀಳುವುದೇ ಅಪರೂಪ. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು; ಆಮೇಲೆ ಎಲ್ಲೆಡೆ ಬಂತು. ಉರಿದ ಎಣ್ಣೆಯಲ್ಲಿನ ರಂಜಕ ಆ ದುಬಾರಿ ಡಬ್ಬವನ್ನು ಹಾಳುಮಾಡುತ್ತದೆ. ಹಾಗಾಗಿ ಈಗ ಹೊಗೆ ಕಾಣುವವರೆಗೆ ಕಾಯುವಂತಿಲ್ಲ, ಗೇಜ್ ಕಡ್ಡಿ ಎಳೆದು ನೋಡುತ್ತಿರಬೇಕು. ಬೆಳಿಗ್ಗೆ, ಸಮನೆಲದಲ್ಲಿ, ಒರೆಸಿ ಎರಡು ಸಲ. ಹೆಂಗಸರು ನೋಡಬಾರದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ನಮ್ಮ ಅಂಬಾಸಿಡರ್ ಕೊನೆಗೂ ಘಾಟಿ ಹತ್ತುವಾಗ ಹೊಗೆ ಬಿಟ್ಟದ್ದು 1997ರಲ್ಲಿ. ಆಗ ಚಮಚದ ಎಣ್ಣೆಗೆ ಮುಳ್ಳು ಸರ್ರನೆ ಏರಿತು. ಬೋರ್ ಮಾಡಿಸಿದೆವು. ದುಡ್ಡು ಕೊಟ್ಟವಳು ಮಗಳು, ತನ್ನ ಸಂಬಳದಿಂದ.