ಕ್ರೈಸ್ತ ಆಪ್ತಸಮಾಲೋಚಕರ ಸ್ನಾತಕೋತ್ತರ ಶಿಕ್ಷಣ: ಅಮೆರಿಕದಲ್ಲಿ ಅದರ ಇತಿಹಾಸ

ಕ್ರೈಸ್ತ ಶ್ರದ್ಧೆಯ ನೆಲೆಯಲ್ಲಿ ಆಪ್ತಸಮಾಲೋಚನೆಯನ್ನು ವೃತ್ತಿಯಾಗಿ ನಡೆಸಬಯಸುವವರು ಅಮೆರಿಕದಲ್ಲಿ ಇಂದು ಸ್ನಾತಕೋತ್ತರ ಪದವಿ ಪಡೆದು, ಅನುಭವಿಗಳ ಮೇಲ್ವಿಚಾರಣೆಯಲ್ಲಿ ಸಾವಿರಾರು ಗಂಟೆ ಕೆಲಸ ಮಾಡಿ, ರಾಜ್ಯ ಸರ್ಕಾರದ ಪರವಾನಗಿ ಗಳಿಸಬೇಕು. ಈ ಮೂರು ಕಟ್ಟಳೆಗಳು ಒಟ್ಟಿಗೆ ಹುಟ್ಟಿದವಲ್ಲ. ಮೇಲ್ವಿಚಾರಣೆಯ ಅಭ್ಯಾಸ ಮೊದಲು ಬಂತು, ಪದವಿ ಅದರ ಹಿಂದೆ ಬಂತು, ಕಾನೂನು ಎಲ್ಲಕ್ಕಿಂತ ತಡವಾಗಿ ಬಂತು.

ಬಾಸ್ಟನ್‌ನ ಇಮ್ಯಾನುಯೆಲ್ ಚರ್ಚಿನಲ್ಲಿ ಎಲ್ವುಡ್ ವೂಸ್ಟರ್ 1906ರಲ್ಲಿ ವೈದ್ಯರ ಜೊತೆಗೂಡಿ ನರದೌರ್ಬಲ್ಯ ಮತ್ತು ಕುಡಿತದಿಂದ ಬಳಲುವವರಿಗೆ ನೆರವಾಗತೊಡಗಿದರು. ಅದು ಜನಪ್ರಿಯವಾಯಿತಾದರೂ ತರಬೇತಿಯ ಪದ್ಧತಿಯೊಂದನ್ನು ರೂಪಿಸಲಿಲ್ಲ. ಆ ಕೆಲಸ ಆಂಟನ್ ಬಾಯ್ಸನ್ ಅವರದು. ಸಭಾಪಾಲಕರಾಗಿದ್ದ ಬಾಯ್ಸನ್ 1920ರಲ್ಲಿ ತೀವ್ರ ಮಾನಸಿಕ ಕಾಯಿಲೆಗೆ ತುತ್ತಾಗಿ ಆಸ್ಪತ್ರೆ ಸೇರಿದ್ದರು. ಗುಣವಾದ ಮೇಲೆ, 1924ರಲ್ಲಿ, ಮ್ಯಾಸಚೂಸೆಟ್ಸ್‌ನ ವೂಸ್ಟರ್ ನಗರದ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಚಾಪ್ಲೇನ್ (ಆಸ್ಪತ್ರೆಯ ಧರ್ಮಗುರು) ಆದರು. ಮರುವರ್ಷದ ಬೇಸಿಗೆಯಲ್ಲಿ ದೈವಶಾಸ್ತ್ರದ ಬೆರಳೆಣಿಕೆಯ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆತಂದು ವಾರ್ಡುಗಳಲ್ಲಿ ಸಹಾಯಕರಾಗಿ ದುಡಿಸಿದರು. ಗ್ರಂಥಗಳನ್ನು ಓದುವಷ್ಟೇ ಶ್ರದ್ಧೆಯಿಂದ ಸಂಕಟದಲ್ಲಿರುವ ಮನುಷ್ಯರನ್ನೂ ಅಧ್ಯಯನ ಮಾಡಬೇಕು ಎಂಬುದು ಅವರ ನಿಲುವು. ಹಾರ್ವರ್ಡ್‌ನ ವೈದ್ಯ ರಿಚರ್ಡ್ ಕ್ಯಾಬಟ್ ಅದೇ 1925ರಲ್ಲಿ, ವೈದ್ಯರಾಗುವವರಂತೆ ಪಾದ್ರಿಗಳಾಗುವವರೂ ರೋಗಿಗಳ ನಡುವೆ ಒಂದು ವರ್ಷ ಕಲಿಯಬೇಕೆಂದು ವಾದಿಸಿದರು. ಮುಂದೆ ಕ್ಯಾಬಟ್ ಜೊತೆ ಕೆಲಸ ಮಾಡಿದ ರಸೆಲ್ ಡಿಕ್ಸ್, ರೋಗಿಯೊಂದಿಗಿನ ಮಾತುಕತೆಯನ್ನು ನೆನಪಿನಿಂದ ಅಕ್ಷರಶಃ ಬರೆದು ಪರಿಶೀಲಿಸುವ ಕ್ರಮವನ್ನು ಬಳಕೆಗೆ ತಂದರು. ತಾನು ಆಡಿದ್ದನ್ನು ಕಾಗದದ ಮೇಲೆ ನೋಡಿದಾಗ, ಕೇಳಿಸಿಕೊಳ್ಳಬೇಕಾದ ಕಡೆ ಉಪದೇಶ ಮಾಡಿದ್ದು ವಿದ್ಯಾರ್ಥಿಯ ಗಮನಕ್ಕೆ ಬರುತ್ತದೆ. ಈ ಕ್ಷೇತ್ರದ ಶಿಕ್ಷಣಕ್ಕೆ ದಕ್ಕಿದ ಅತ್ಯಂತ ಫಲದಾಯಕ ಸಾಧನ ಇದೇ ಎನ್ನಬಹುದು. ಆಸ್ಪತ್ರೆ ಚಾಪ್ಲೇನರ ತರಬೇತಿಯಲ್ಲಿ ಅದು ಇಂದಿಗೂ ಉಳಿದಿದೆ.

ಎರಡನೆಯ ಮಹಾಯುದ್ಧದ ನಂತರ ಸೆಮಿನರಿಗಳ (ದೈವಶಾಸ್ತ್ರ ಶಾಲೆಗಳ) ಪಠ್ಯಕ್ರಮದಲ್ಲಿ ಸಮಾಲೋಚನೆ ನೆಲೆಯೂರಿತು. ಸ್ವತಃ ಸೆಮಿನರಿಯಲ್ಲಿ ಓದಿ, ಅಲ್ಲಿಂದ ಮನೋವಿಜ್ಞಾನಕ್ಕೆ ಹೊರಳಿದ ಕಾರ್ಲ್ ರೋಜರ್ಸ್ ಅವರ ಪ್ರಭಾವ ಆಗ ಗಾಢವಾಗಿತ್ತು. ಸೀವರ್ಡ್ ಹಿಲ್ಟ್ನರ್ ಅವರ ‘ಪಾಸ್ಟರಲ್ ಕೌನ್ಸೆಲಿಂಗ್’ ಪುಸ್ತಕ 1949ರಲ್ಲಿ ಹೊರಬಂತು. 1963ರಲ್ಲಿ ಪಾಸ್ಟರಲ್ (ಸಭಾಪಾಲನೆಯ) ಸಮಾಲೋಚಕರ ಅಮೆರಿಕನ್ ಸಂಘ ಸ್ಥಾಪನೆಯಾಗಿ, ಸದಸ್ಯರಿಗೆ ಅರ್ಹತೆಯ ಮಾನದಂಡಗಳನ್ನು ಗೊತ್ತುಪಡಿಸಿತು. ಹವರ್ಡ್ ಕ್ಲೈನ್‌ಬೆಲ್ ಅದರ ಮೊದಲ ಅಧ್ಯಕ್ಷರು.

ಇವಾಂಜೆಲಿಕಲ್ ಪಂಥದವರು ಬೇರೆ ದಾರಿ ಹಿಡಿದರು. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿರುವ ಫುಲ್ಲರ್ ಸೆಮಿನರಿ 1965ರಲ್ಲಿ ಮನೋವಿಜ್ಞಾನದ ಸ್ನಾತಕೋತ್ತರ ಶಾಲೆಯನ್ನು ತೆರೆದು, ವಿಜ್ಞಾನ ಮತ್ತು ದೈವಶಾಸ್ತ್ರಗಳನ್ನು ಜೊತೆಯಾಗಿ ಕಲಿಸುವ ಡಾಕ್ಟರೇಟ್ ಶಿಕ್ಷಣವನ್ನು ಆರಂಭಿಸಿತು. 1970ರಲ್ಲಿ ಆರಂಭವಾದ ರೋಸ್‌ಮೀಡ್ ಮನೋವಿಜ್ಞಾನ ಶಾಲೆ 1977ರಲ್ಲಿ ಬಯೋಲಾ ಕಾಲೇಜಿನೊಂದಿಗೆ ಸೇರಿತು. ಈ ಸಮನ್ವಯವನ್ನೇ ಒಪ್ಪದ ಜೇ ಆ್ಯಡಮ್ಸ್ 1970ರಲ್ಲಿ ‘ಕಾಂಪಿಟೆಂಟ್ ಟು ಕೌನ್ಸೆಲ್’ ಪುಸ್ತಕ ಪ್ರಕಟಿಸಿ, ಬೈಬಲ್ ಬಲ್ಲ ಸಭಾಪಾಲಕನೇ ಈ ಕೆಲಸಕ್ಕೆ ಯೋಗ್ಯನೆಂದು ಪ್ರತಿಪಾದಿಸಿದರು. ಅವರ ಪರಂಪರೆಯ ‘ಬೈಬಲ್ ಸಮಾಲೋಚನೆ’ ತನ್ನದೇ ಪ್ರಮಾಣಪತ್ರ, ಪದವಿಗಳನ್ನು ಹೊಂದಿದೆ. ಅವು ಸಾಮಾನ್ಯವಾಗಿ ಸರ್ಕಾರಿ ಪರವಾನಗಿಯ ದಾರಿಯಲ್ಲಿಲ್ಲ. ಸೆಮಿನರಿ ಸೇರುವವರು ಮೊದಲು ತಿಳಿದಿರಬೇಕಾದ ವ್ಯತ್ಯಾಸವಿದು: ಹೆಸರು ಒಂದೇ ಬಗೆಯದಾಗಿ ಕಂಡರೂ ಎರಡು ಪದವಿಗಳು ಎರಡು ಬೇರೆ ಉದ್ಯೋಗಗಳಿಗೆ ಒಯ್ಯುತ್ತವೆ.

ಸಮಾಲೋಚಕರ ಪರವಾನಗಿ ಕಾನೂನನ್ನು ಮೊದಲು ತಂದ ರಾಜ್ಯ ವರ್ಜೀನಿಯಾ (1976). ಕೊನೆಯದು ಕ್ಯಾಲಿಫೋರ್ನಿಯಾ (2009). 1981ರಲ್ಲಿ ಸ್ಥಾಪನೆಯಾದ ಕೇಕ್ರೆಪ್ ಎಂಬ ಮಾನ್ಯತಾ ಮಂಡಳಿ ಪಠ್ಯಕ್ರಮದ ರಾಷ್ಟ್ರಮಟ್ಟದ ಅಳತೆಯನ್ನು ನಿಗದಿಪಡಿಸಿತು. ಮೊದಲು 48 ಸೆಮಿಸ್ಟರ್ ಕ್ರೆಡಿಟ್‌ಗಳಿಗೂ ಅವಕಾಶವಿತ್ತು. ಕ್ರಮೇಣ ಅದು 60ಕ್ಕೆ ಏರಿತು. ವೃತ್ತಿನೀತಿ, ಮಾನವ ವಿಕಾಸ, ಸಾಂಸ್ಕೃತಿಕ ವೈವಿಧ್ಯ, ಗುಂಪು ಸಮಾಲೋಚನೆ, ಮನೋಮಾಪನ, ಸಂಶೋಧನಾ ವಿಧಾನ ಮುಂತಾದವು ಕಡ್ಡಾಯ. ಜೊತೆಗೆ 100 ಗಂಟೆಗಳ ಪ್ರಾಯೋಗಿಕ ಅಭ್ಯಾಸವೂ 600 ಗಂಟೆಗಳ ಇಂಟರ್ನ್‌ಶಿಪ್ಪೂ ಇರುತ್ತವೆ. ಅವುಗಳಲ್ಲಿ ಕ್ರಮವಾಗಿ 40 ಮತ್ತು 240 ಗಂಟೆಗಳನ್ನು ನೆರವು ಬಯಸಿ ಬಂದವರೊಂದಿಗೆ ನೇರವಾಗಿ ಕಳೆಯಬೇಕು. ಪದವಿಯ ನಂತರ ಮತ್ತೆ ಮೇಲ್ವಿಚಾರಣೆಯ ಸೇವೆ ಇದ್ದು, ಅದರ ಅವಧಿ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಲಿಖಿತ ಪರೀಕ್ಷೆಯೂ ಇದೆ. ಡೆನ್ವರ್ ಸೆಮಿನರಿ, ವರ್ಜೀನಿಯಾದ ರೀಜೆಂಟ್ ವಿಶ್ವವಿದ್ಯಾಲಯ ಮೊದಲಾದ ಕ್ರೈಸ್ತ ಸಂಸ್ಥೆಗಳು ಈ ಮಾನ್ಯತೆ ಪಡೆದವು. ಬೈಬಲ್ ಮತ್ತು ದೈವಶಾಸ್ತ್ರದ ಪಾಠಗಳನ್ನು ಅವು ಈ 60 ಕ್ರೆಡಿಟ್‌ಗಳೊಳಗೇ ಹೊಂದಿಸಬೇಕು, ಇಲ್ಲವೇ ಅದರ ಮೇಲೆ ಹೇರಬೇಕು. ಹೀಗೆ ಕಾನೂನಿನ ಬೇಡಿಕೆ ಹೆಚ್ಚಿದಂತೆ ದೈವಶಾಸ್ತ್ರಕ್ಕೆ ದೊರೆಯುವ ಸಮಯ ಕಿರಿದಾಗಿದೆ. ನೆರವು ಬಯಸಿ ಬಂದವರ ಸುರಕ್ಷತೆಯ ದೃಷ್ಟಿಯಿಂದ ಈ ಬೇಡಿಕೆ ನ್ಯಾಯವಾದದ್ದೇ. ಆದರೆ ಎರಡೂ ಜ್ಞಾನಗಳನ್ನು ಆಳವಾಗಿ ಪಡೆಯಬೇಕೆನ್ನುವ ವಿದ್ಯಾರ್ಥಿಗೆ ಕಾಲವೂ ಖರ್ಚೂ ಭಾರವಾಗುತ್ತವೆ.

ನೀತಿಸಂಹಿತೆಯೂ ವಿವಾದಕ್ಕೆ ಎಡೆಮಾಡಿತು. ಧಾರ್ಮಿಕ ನಂಬಿಕೆಯ ಕಾರಣ ಸಲಿಂಗ ಸಂಬಂಧದ ವಿಷಯದಲ್ಲಿ ಸಮಾಲೋಚನೆಗೆ ಒಪ್ಪದ ವಿದ್ಯಾರ್ಥಿನಿಯನ್ನು ಈಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯ ಹೊರಹಾಕಿದ ಪ್ರಕರಣ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಿ, 2012ರಲ್ಲಿ ರಾಜಿಯಲ್ಲಿ ಮುಗಿಯಿತು. ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್‌ನ 2014ರ ಸಂಹಿತೆ, ಕೇವಲ ಸ್ವಂತ ಮೌಲ್ಯಗಳ ಕಾರಣಕ್ಕೆ ಯಾರನ್ನೂ ಬೇರೆಯವರತ್ತ ಕಳಿಸಬಾರದೆಂದು ಸ್ಪಷ್ಟಪಡಿಸಿತು. 1963ರ ಪಾಸ್ಟರಲ್ ಸಂಘ 2019ರಲ್ಲಿ, ಆಸ್ಪತ್ರೆ ಆಧಾರಿತ ಪಾಸ್ಟರಲ್ ತರಬೇತಿಯ ಸಂಘದಲ್ಲಿ ವಿಲೀನವಾಯಿತು. ಬಾಯ್ಸನ್ ಅವರಿಂದ ಆರಂಭವಾದ ಶಿಕ್ಷಣವನ್ನೇ ಮುಂದುವರಿಸಿರುವ ಸಂಘ ಅದು.

ಈ ಚಿಂತನೆ ಭಾರತದ ಸೆಮಿನರಿಗಳಿಗೂ ಬಂತು. ದೈವಶಾಸ್ತ್ರ ಪದವಿಗಳನ್ನು ನೀಡುವ ಸೆರಾಂಪುರ ಸೆನೆಟ್‌ಗೆ ಸೇರಿದ, 1910ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಪಾಸ್ಟರಲ್ ಆರೈಕೆ ಮತ್ತು ಸಮಾಲೋಚನೆಯನ್ನು ಕಲಿಸುತ್ತ ಬಂದಿದೆ. ಅಮೆರಿಕದ ರಾಜ್ಯಗಳಲ್ಲಿರುವಂಥ ಸಮಾಲೋಚಕರ ಪರವಾನಗಿ ಇಲ್ಲಿ ಇರಲಿಲ್ಲ. ಸಂಬಂಧಿತ ಆರೋಗ್ಯ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗ ರಚಿಸುವ 2021ರ ಕೇಂದ್ರ ಕಾಯ್ದೆ, ವರ್ತನಾ ಆರೋಗ್ಯ ವಿಭಾಗದಡಿ ಸಮಾಲೋಚಕರನ್ನೂ ನೋಂದಣಿಯ ವ್ಯಾಪ್ತಿಗೆ ತಂದಿತು.