ಒಬ್ಬರು ಹೊರಬಂದರು, ಇನ್ನೊಬ್ಬರು ಒಳಹೋದರು

ತಪ್ಪಾಗಿ ಶಿಕ್ಷೆಗೊಳಗಾದವರನ್ನು ಬಿಡಿಸುವ ಅಮೆರಿಕದ ವಿಶ್ವವಿದ್ಯಾಲಯಗಳ ಕತೆಯನ್ನು ಸಾಮಾನ್ಯವಾಗಿ 1992ರಿಂದ ಹೇಳುತ್ತಾರೆ. ಆ ವರ್ಷ ನ್ಯೂಯಾರ್ಕಿನ ಕಾರ್ಡೋಜೊ ಕಾನೂನು ಕಾಲೇಜಿನಲ್ಲಿ ಬ್ಯಾರಿ ಶೆಕ್ ಮತ್ತು ಪೀಟರ್ ನ್ಯೂಫೆಲ್ಡ್ 'ಇನೊಸೆನ್ಸ್ ಪ್ರಾಜೆಕ್ಟ್' ಆರಂಭಿಸಿದರು. ಅವರು ನೆಚ್ಚಿಕೊಂಡದ್ದು ಡಿಎನ್‌ಎ ಪರೀಕ್ಷೆಯನ್ನು. ಆದರೆ ಎಷ್ಟೋ ಪ್ರಕರಣಗಳಲ್ಲಿ ಪರೀಕ್ಷಿಸಲು ರಕ್ತವಾಗಲಿ ಕೂದಲಾಗಲಿ ಇರುವುದಿಲ್ಲ. ಇರುವುದು ಮನುಷ್ಯರ ಮಾತು ಮಾತ್ರ. ಷಿಕಾಗೊ ಬಳಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಕೈಗೆತ್ತಿಕೊಂಡ ಪ್ರಕರಣ ಅಂಥದ್ದು.

1982ರಲ್ಲಿ ಷಿಕಾಗೊದ ಪಾರ್ಕೊಂದರಲ್ಲಿ ಇಬ್ಬರ ಕೊಲೆಯಾಯಿತು. ಆಂಥನಿ ಪೋರ್ಟರ್ ಎಂಬವರಿಗೆ ಮರಣದಂಡನೆ ವಿಧಿಸಲಾಯಿತು. 1998ರ ಸೆಪ್ಟೆಂಬರಿನಲ್ಲಿ, ಶಿಕ್ಷೆ ಜಾರಿಗೆ ಎರಡು ದಿನ ಉಳಿದಿದ್ದಾಗ, ಅವರ ಬುದ್ಧಿಮಟ್ಟದ ಪ್ರಶ್ನೆ ಎದ್ದು ಕೋರ್ಟು ತಡೆ ನೀಡಿತು. ಆ ಬಿಡುವಿನಲ್ಲಿ ಪತ್ರಿಕೋದ್ಯಮ ಪ್ರಾಧ್ಯಾಪಕ ಡೇವಿಡ್ ಪ್ರೋಟೆಸ್ ಅವರ ವಿದ್ಯಾರ್ಥಿಗಳು ತನಿಖೆಗಿಳಿದರು. ಸಾಕ್ಷಿಯೊಬ್ಬರು ಹಿಂದಿನ ಹೇಳಿಕೆಯಿಂದ ಹಿಂದೆ ಸರಿದರು. ತಂಡದ ಜೊತೆಗಿದ್ದ ಖಾಸಗಿ ಪತ್ತೇದಾರ, ಕೊಂದದ್ದು ತಾನೇ ಎಂಬ ಹೇಳಿಕೆಯನ್ನು ಆಲ್‌ಸ್ಟೋರಿ ಸೈಮನ್ ಎಂಬವರಿಂದ ವಿಡಿಯೊದಲ್ಲಿ ಪಡೆದರು. 1999ರ ಫೆಬ್ರವರಿಯಲ್ಲಿ ಪೋರ್ಟರ್ ಹೊರಬಂದರು. ಸೈಮನ್ ಕೋರ್ಟಿನಲ್ಲೂ ತಪ್ಪೊಪ್ಪಿಕೊಂಡು 37 ವರ್ಷದ ಶಿಕ್ಷೆಗೆ ಒಳಗಾದರು.

ಪರಿಣಾಮ ದೊಡ್ಡದಾಗಿತ್ತು. ಇಲಿನಾಯ್ ರಾಜ್ಯ 1977ರಲ್ಲಿ ಮರಣದಂಡನೆಯನ್ನು ಮತ್ತೆ ತಂದ ಮೇಲೆ 12 ಮಂದಿಯನ್ನು ಕೊಂದಿತ್ತು, 13 ಮಂದಿಯನ್ನು ತಪ್ಪಾಯಿತೆಂದು ಬಿಟ್ಟಿತ್ತು. 2000ದಲ್ಲಿ ಗವರ್ನರ್ ಜಾರ್ಜ್ ರಯಾನ್ ಮರಣದಂಡನೆಯ ಜಾರಿಯನ್ನು ತಡೆಹಿಡಿದರು. 2011ರಲ್ಲಿ ಅದು ರದ್ದೇ ಆಯಿತು.

ಸೈಮನ್ ಆಮೇಲೆ ಹೇಳಿದ್ದು ಬೇರೆ. ಪತ್ತೇದಾರರು ಹೆದರಿಸಿ, ಆಸೆ ತೋರಿಸಿ ಹೇಳಿಕೆ ಪಡೆದರಂತೆ. ನಟನೊಬ್ಬನನ್ನು ಸಾಕ್ಷಿಯೆಂದು ವಿಡಿಯೊದಲ್ಲಿ ತೋರಿಸಿದ್ದು ನಿಜವೇ ಆಗಿತ್ತು. ಸೈಮನ್‌ಗೆ ವಕೀಲರನ್ನು ಗೊತ್ತುಮಾಡಿಕೊಟ್ಟವರೂ ಅದೇ ಪತ್ತೇದಾರರು. ತಂಡ ಆರೋಪಗಳನ್ನು ಅಲ್ಲಗಳೆಯಿತು. ಆದರೂ 2014ರ ಅಕ್ಟೋಬರಿನಲ್ಲಿ, ಮರುಪರಿಶೀಲನೆಯ ನಂತರ, ಪ್ರಾಸಿಕ್ಯೂಟರ್ ಅನಿತಾ ಆಲ್ವಾರೆಜ್ ಅವರ ಕೋರಿಕೆಯ ಮೇಲೆ ಕೋರ್ಟು ಸೈಮನ್‌ರ ಶಿಕ್ಷೆಯನ್ನು ರದ್ದುಮಾಡಿತು. ಅಷ್ಟರಲ್ಲಿ ಅವರು ಸುಮಾರು 15 ವರ್ಷ ಜೈಲಿನಲ್ಲಿದ್ದರು.

ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸಬಾರದೆಂದು ನಮ್ಮ 1872ರ ಸಾಕ್ಷ್ಯ ಕಾಯ್ದೆಯೇ ಹೇಳಿತ್ತು. ಬಲವಂತದ ಭಯ ಅದಕ್ಕೆ ಕಾರಣ. ಸದುದ್ದೇಶದಿಂದ ಹೊರಟವರಿಗೂ ಆ ಎಚ್ಚರ ಬೇಕೆಂಬುದನ್ನು ಷಿಕಾಗೊದ ಪ್ರಕರಣ ತೋರಿಸಿತು. ಒಬ್ಬರ ವಿರುದ್ಧದ ಸಾಕ್ಷ್ಯ ಸಾಲದು ಎಂದು ತೋರಿಸುವುದು ಒಂದು ಕೆಲಸ; ನಿಜವಾದ ಅಪರಾಧಿ ಇವರೇ ಎಂದು ಇನ್ನೊಬ್ಬರತ್ತ ಬೆರಳು ಮಾಡುವುದು ಬೇರೆಯೇ ಕೆಲಸ. ಎರಡನೆಯದಕ್ಕೂ ಅಷ್ಟೇ ಗಟ್ಟಿ ಪುರಾವೆ ಬೇಕು.

1982ರ ಆ ಎರಡು ಕೊಲೆಗಳಿಗೆ ಈಗ ಜೈಲಿನಲ್ಲಿರುವವರು ಯಾರೂ ಇಲ್ಲ.